ಆಟದ ಸರ್ ಮತ್ತು ಎರಡು ದಾರಿಯ ಚೆಂಡು

ನಮ್ಮೂರ ಪ್ರೌಢಶಾಲೆಯ ಆಟದ ಸರ್ ಚಹಾದ ಲೋಟ ಹಿಡಿದರೆ ಅವರ ಬಲಗೈಯ ಕಿರುಬೆರಳು ಮಾತ್ರ ಬೇರೆ ಊರಿಗೆ ಹೊರಟಂತೆ ಹೊರಗೆ ಚಾಚಿಕೊಳ್ಳುತ್ತಿತ್ತು. ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡ ಬೆರಳು. ಹೇಗೆ ಮುರಿಯಿತೆಂದು ಮಕ್ಕಳು ಕೇಳಿದರೆ ಒಂದು ದಿನ ಎಮ್ಮೆ ತುಳಿಯಿತು ಎನ್ನುವರು, ಮರುದಿನ ಹೆಂಡತಿ ಬಾಗಿಲು ಹಾಕಿದಳು ಎನ್ನುವರು. ನಿಜವಾದ ಕಾರಣ ನನಗೆ ಇಂದಿಗೂ ಗೊತ್ತಿಲ್ಲ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಆ ಶಾಲೆಯಲ್ಲಿ ಬಿಸಿಯೂಟದ ಅಡಿಗೆಗೆ ಸೇರಿದ್ದೆ. ನಿಮ್ಮವ್ವ ಅಲ್ಲೇ ಒಂಬತ್ತನೆಯ ತರಗತಿಯಲ್ಲಿದ್ದಳು. ಗಂಡಸರೆದುರು ಮಾತಾಡಿ ನನಗೆ ರೂಢಿಯಿರಲಿಲ್ಲ. ಚಹಾ ಇಟ್ಟು ಒಳಗೆ ಹೋಗಿಬಿಡುತ್ತಿದ್ದೆ. ಸರ್ ಒಂದು ದಿನ ಯಾವುದೋ ತರಬೇತಿಯಿಂದ ಬರುವಾಗ ಎರಡೂ ತುದಿ ಚೂಪಾದ ಚೆಂಡೊಂದನ್ನು ತಂದು ಅಡಿಗೆ ಕೋಣೆಯ ಕಟ್ಟೆಯ ಮೇಲಿಟ್ಟರು. ನನಗೆ ತಡೆಯಲಾಗಲಿಲ್ಲ.

“ಸರ್, ಇದು ನೆಲಕ್ಕ ಬಿದ್ರ ಎತ್ತಾಗ ಹೋಗ್ತದ್ರಿ?”

“ಅದಕ್ಕೂ ಗೊತ್ತಿಲ್ರಿ ಅಕ್ಕಾರ. ಅಮೆರಿಕದವರ ಫುಟ್‌ಬಾಲ್ ಇದು. ಕಾಲಿಲೆ ಒದಿಯೂದು ಕಡಿಮಿ, ಕೈಲೆ ಒಗಿಯೂದು ಭಾಳ.”

ಸರ್ ಹುಡುಗಿಯರ ತಂಡ ಕಟ್ಟಿ ಆಡಿಸತೊಡಗಿದರು. ಅಮೆರಿಕದವರ ಹಾಗೆ ಇವರು ಒಬ್ಬರನ್ನೊಬ್ಬರು ಕೆಡವುತ್ತಿರಲಿಲ್ಲ. ಸೊಂಟಕ್ಕೆ ಬಟ್ಟೆಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಚೆಂಡು ಹಿಡಿದವಳ ಪಟ್ಟಿ ಕಿತ್ತರೆ ಅವಳು ನಿಲ್ಲಬೇಕು. ಚೆಂಡು ಒಗೆಯುವ ಜಾಗ ನಿಮ್ಮವ್ವನದು. ಅವಳಿಗಾಗಿ ಸರ್ ಆಟದೊಳಗೇ ಒಂದು ಉಪಾಯ ಕಟ್ಟಿದ್ದರು. ಅದೇನೆಂದು ನಾನು ಕೇಳಿದ್ದಕ್ಕೆ ಕಟ್ಟೆಯ ಮೇಲೆ ಶೇಂಗಾ ಕಾಳು ಹರಡಿ ತೋರಿಸಿದರು. ಪಕ್ಕದಲ್ಲಿ ಓಡಲು ಸಿದ್ಧಳಾದ ಒಬ್ಬಳು. ದೂರ ಅಂಚಿನಲ್ಲಿ ಇನ್ನೊಬ್ಬಳು, ಅವಳ ಮುಂದೆ ಪರದೆಯಂತೆ ನಮ್ಮವರೇ ಇಬ್ಬರು. ಎದುರು ಪಕ್ಷದ ಒಂದೇ ಒಂದು ಕಾಳಿನ ಮೇಲೆ ಬೆರಳಿಟ್ಟರು.

“ಈಕಿ ಓಡಾಕಿ ಕಡೆ ಬಂದ್ಳೋ, ಚೆಂಡು ಪರದೆ ಹಿಂದ ಒಗೀಬೇಕು. ಪರದೆ ಕಡೆ ಹೋದ್ಳೋ, ಓಡಾಕಿ ಕೈಯಾಗ ಇಡಬೇಕು.”

“ಮೊದಲs ಯಾವುದಂತ ಗೊತ್ತುಮಾಡಿಕೊಳ್ಳೂದಿಲ್ಲೇನ್ರಿ?”

“ಮಾಡಿಕೊಂಡ್ರ ಕೆಟ್ತು. ನಿಮ್ಮ ಮಗಳು ಅದನ್ನs ಮಾಡಾಕತ್ತಾಳ.”

ಸೋಮವಾರ ಧಾರವಾಡದಲ್ಲಿ ಪಂದ್ಯ. ಶನಿವಾರದೊಳಗೆ ಅವಳು ನೋಡಿ ಒಗೆಯುವುದನ್ನು ಕಲಿಯದಿದ್ದರೆ ಆ ಜಾಗಕ್ಕೆ ಬೇರೆಯವಳನ್ನು ನಿಲ್ಲಿಸುವುದಾಗಿ ಸರ್ ಹೇಳಿದ್ದರು. ನಿಮ್ಮವ್ವ ಅಂದು ರೊಟ್ಟಿ ಮುಟ್ಟಲಿಲ್ಲ.

ಮರುದಿನ ಬುಧವಾರ. ಅಭ್ಯಾಸದಲ್ಲಿ ಎದುರು ಪಕ್ಷದವಳಾಗಿ ನಿಲ್ಲುವ ಹುಡುಗಿಗೆ ಜ್ವರ ಬಂತು. ಆ ಜಾಗದಲ್ಲಿ ನಿಲ್ಲಲು ಸರ್ ನನ್ನನ್ನು ಕರೆದರು.

“ಅಯ್ಯ, ನನಗ ನಾಚಿಕೀರಿ!”

“ನಾಚಿಕಿ ಇದ್ದವರs ಬೇಕ್ರಿ. ಮನಸಿನಾಗ ಏನೈತಿ ಅಂತ ಯಾರಿಗೂ ತಿಳಿಯೂದಿಲ್ಲ.”

ನೆರಿಗೆ ಎತ್ತಿ ಸಿಗಿಸಿಕೊಂಡು ನಿಂತೆ. ಹುಡುಗಿಯರು ಕೇಕೆ ಹಾಕಿದರು. ಯಾವ ಕಡೆ ಹೋಗಲಿ ಎಂದರೆ, “ನಿಮಗ ತಿಳಿದ ಕಡೆ ಹೋಗ್ರಿ,” ಎಂದರು ಸರ್. ಅಲ್ಲಿಯವರೆಗೆ ನನಗೆ ಯಾರೂ ಹಾಗೆ ಹೇಳಿದ್ದಿಲ್ಲ. ಆದರೆ ತಾಯಿಯ ಕರುಳು ನೋಡಿ: ಮಗಳಿಗೆ ತಿಳಿಯಲೆಂದು ನಾನು ಮೊದಲೇ ಕಣ್ಣು ಹೊರಳಿಸುತ್ತಿದ್ದೆ, ನಿಧಾನಕ್ಕೆ ಹೆಜ್ಜೆ ಇಡುತ್ತಿದ್ದೆ. ಮೂರು ದಿನ ಅವಳದು ಒಂದೂ ತಪ್ಪಲಿಲ್ಲ. ಅವಳು ಮನೆಯಲ್ಲಿ ಎರಡೆರಡು ರೊಟ್ಟಿ ಹೆಚ್ಚು ತಿಂದಳು.

ಶುಕ್ರವಾರ ಚಹಾ ಇಡುವಾಗ ಸರ್ ಮೆಲ್ಲಗೆ ಹೇಳಿದರು, “ಅಕ್ಕಾರ, ಧಾರವಾಡದಾಗ ಎದುರಿಗೆ ನಿಂದರಾಕಿ ಆಕಿ ಅವ್ವ ಇರೂದಿಲ್ರಿ.”

ಆದರೂ ನನ್ನನ್ನು ಬದಲಿಸಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಓಡುವವಳ ಕಡೆ ಒಂದು ಹೆಜ್ಜೆ ಇಟ್ಟಂತೆ ಮಾಡಿ ಪರದೆಯ ಕಡೆ ಹಾರಿದೆ. ಚೆಂಡು ನನ್ನ ಎದೆಗೇ ಬಂದು ಬಡಿಯಿತು. ಇನ್ನೊಮ್ಮೆಯೂ ಹಾಗೇ. ನಿಮ್ಮವ್ವ ಕೆಂಪಾದಳು.

“ಯವ್ವಾ, ನೀನs ಹಿಂಗ ಮಾಡಿದ್ರ ಹೆಂಗ!”

ಚೆಂಡನ್ನು ಅವಳ ಕೈಗೆ ವಾಪಸು ಹಾಕಿದೆ. “ಒಗಿ, ಮಾತಾಡಬ್ಯಾಡ,” ಎಂದೆ.

ಐದೋ ಆರೋ ಸಲ ತಪ್ಪಿದಳು. ಆಮೇಲೆ ನನ್ನ ಮುಖ ನೋಡುವುದನ್ನು ಬಿಟ್ಟು ಪಾದ ನೋಡತೊಡಗಿದಳು. ನಾನು ಓಡುವವಳತ್ತ ಹಿಮ್ಮಡಿ ತಿರುಗಿಸುವಷ್ಟರಲ್ಲಿ ಚೆಂಡು ಕಿವಿಯ ಪಕ್ಕದಿಂದ ಹಾದು ಅಂಚಿನ ಹುಡುಗಿಯ ಕೈಸೇರಿತ್ತು. ಮುಂದಿನ ಸಲ ನಾನು ಪರದೆಯತ್ತ ಹಾರಿದೆ. ಚೆಂಡು ಆಗಲೇ ಓಡುವವಳ ಬಗಲಲ್ಲಿತ್ತು. ನಾನು ಬಯಲ ನಡುವೆ ಪೆದ್ದಿಯಂತೆ ನಿಂತಿದ್ದೆ. ಸರ್ ಹೊಗಳಲಿಲ್ಲ. “ಅಕ್ಕಾರ, ಒಲಿ ಮ್ಯಾಲ ಬ್ಯಾಳಿ ತಳಾ ಹಿಡದದ, ಓಡ್ರಿ,” ಎಂದರು.

ಧಾರವಾಡದಲ್ಲಿ ನಮ್ಮವರು ಸೋತರು, ಚೆನ್ನಾಗಿಯೇ ಸೋತರು. ಆದರೆ ಕೊನೆಯವರೆಗೂ ಒಗೆದವಳು ನಿಮ್ಮವ್ವ.

ಹೋದ ವರ್ಷ ಸರ್ ತಮ್ಮೂರಾದ ಯಮನೂರಿನ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಿಳಿದು ನಿಮ್ಮವ್ವ ಫೋನು ಮಾಡಿ ಬಹಳ ಹೊತ್ತು ಅತ್ತಳು. ಆಮೇಲೆ ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿದಳು. “ಯವ್ವಾ, ಖರೇ ಹೇಳು. ಆ ಶನಿವಾರ ನನಗ ಬಿಟ್ಟುಕೊಟ್ಟಿದ್ದೇನ?”

“ಇಲ್ಲವಾ. ಹಿಂದಿನ ಮೂರು ದಿನ ಬಿಟ್ಟುಕೊಟ್ಟಿದ್ದೆ. ಆವತ್ತು ಕೊಡಲಿಲ್ಲ.”

ಮಗಳಿಗೆ ಹಾಗೆ ಅಳುಕದೆ ಉತ್ತರ ಕೊಡುವಂತೆ ನನ್ನನ್ನು ಮಾಡಿಟ್ಟು ಹೋದವರು ಆ ಸರ್.