ಪರಂಗಿಮಲೆಯಲ್ಲಿ ಫೇಲಾದ ಜಾಕೆಟ್

2003ರ ಬೇಸಿಗೆ ಇರಬೇಕು. 2004 ಎನ್ನುತ್ತಾಳೆ ಹೆಂಡತಿ. ನನ್ನ ನೆನಪಿನ ಮೇಲೆ ನನಗೇ ಅಷ್ಟು ಭರವಸೆ ಇಲ್ಲದ್ದರಿಂದ ವರ್ಷವನ್ನು ಅವಳಿಗೆ ಬಿಟ್ಟುಕೊಡುತ್ತೇನೆ. ಚೆನ್ನೈಯಲ್ಲಿ ಕೂತು ನಾನು ಹಿಮಾಲಯಕ್ಕೊಂದು ಜಾಕೆಟ್ ಆರಿಸುತ್ತಿದ್ದೆ ಎಂಬುದರಲ್ಲಿ ಮಾತ್ರ ಇಬ್ಬರಿಗೂ ತಕರಾರಿಲ್ಲ.

ಅಷ್ಟರೊಳಗೆ ನಾನು ಭೌತಶಾಸ್ತ್ರದ ಪಿಎಚ್.ಡಿ.ಯನ್ನೂ ಪಿಟೀಲನ್ನೂ ಅರ್ಧಕ್ಕೆ ಬಿಟ್ಟಿದ್ದೆ. ಬೆಳಗಿನ ಓಟವನ್ನು ಎರಡು ಸಲ ಬಿಟ್ಟಿದ್ದೆ. ಮೇ ತಿಂಗಳಲ್ಲಿ ಒಂದು ಗುಂಪಿನ ಜೊತೆ ಹಿಮದ ಶಿಖರ ಹತ್ತಲು ನಾವಿಬ್ಬರೂ ಹೆಸರು ಕೊಟ್ಟಾಗ, ಇದೊಂದನ್ನಾದರೂ ತುದಿ ಮುಟ್ಟಿಸಬೇಕೆಂದು ನಿಶ್ಚಯಿಸಿದೆ.

"ಎರಡನೇ ಮಹಡಿಗೆ ಲಿಫ್ಟ್ ಕಾಯೋರು ನೀವು," ಅಂದಳು ಹೆಂಡತಿ.

"ಇದು ಕಾಲಿನ ಪ್ರಶ್ನೆ ಅಲ್ಲ ಕಣೇ, ಜಾಕೆಟ್ಟಿನ ಪ್ರಶ್ನೆ."

ಚೆನ್ನೈಯಲ್ಲಿ ಚಳಿಗಾಲವೆಂದರೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವ ಎರಡು ವಾರ. ಅಷ್ಟಕ್ಕೇ ನಮ್ಮ ಬೀದಿಯವರು ಮಂಕಿ ಕ್ಯಾಪ್ ತೊಟ್ಟು ಹಾಲು ತರಲು ಹೋಗುತ್ತಾರೆ. ಅಂಥ ಊರಿನಲ್ಲೂ, ರಫ್ತಿನಲ್ಲಿ ಉಳಿದ ಬಟ್ಟೆ ಮಾರುವ ಟಿ. ನಗರದ ಅಂಗಡಿಯೊಂದರಲ್ಲಿ ತೆಳ್ಳನೆಯ ನೀಲಿ ಜಾಕೆಟ್ ಸಿಕ್ಕಿತು. ಅಂಗಡಿಯವನು ಹಣೆ ಒರೆಸಿಕೊಳ್ಳುತ್ತ ಅದನ್ನು ಎಳೆದು ತೋರಿಸಿದ: "ಸಾಫ್ಟ್ ಶೆಲ್ ಸಾರ್! ಕಾತ್ತು ಉಳ್ಳೇ ವರಾದು, ವೇರ್ವೈ ವೆಳಿಯೇ ಪೋಯಿಡುಂ."

ಗಾಳಿ ಒಳಗೆ ಬರದು, ಬೆವರು ಹೊರಗೆ ಹೋಗುತ್ತದೆ. ಯಾರೋ ಹೇಳಿದ್ದನ್ನು ಹಾಗೇ ನಂಬುವುದಾದರೆ ನಾನು ವಿಶ್ವವಿದ್ಯಾಲಯಕ್ಕೆ ಯಾಕೆ ಹೋಗಬೇಕಿತ್ತು? ಕೊಂಡೆ, ಆದರೆ ಪರೀಕ್ಷೆಗಾಗಿ.

ಮರುದಿನ ಬೆಳಿಗ್ಗೆ ತಾಂಬರಂನಲ್ಲಿ ಎಲೆಕ್ಟ್ರಿಕ್ ಟ್ರೇನ್ ಹತ್ತಿ, ಜಿಪ್ಪನ್ನು ಕತ್ತಿನವರೆಗೆ ಎಳೆದು ಬಾಗಿಲಲ್ಲಿ ಕಂಬಿ ಹಿಡಿದು ನಿಂತೆ. ಗಾಳಿ ಕೆನ್ನೆಗೆ ರಪರಪ ಹೊಡೆಯಿತು, ಎದೆಗೆ ಸೋಕಲಿಲ್ಲ. ಪಕ್ಕದಲ್ಲಿದ್ದ ಹಿರಿಯರು ನನ್ನ ಹಣೆ ಮುಟ್ಟುವಷ್ಟು ಹತ್ತಿರ ಬಂದು, "ಎನ್ನ ಸಾರ್, ಜೊರಮಾ?" ಎಂದರು. ಜ್ವರ ಅಲ್ಲ, ಹಿಮಾಲಯ ಎಂದೆ. ಅವರು ಕನಿಕರದಿಂದ, "ಇಂದ ವಂಡಿ ಬೀಚ್ ವರೈಕ್ಕುಂದಾನ್ ಪೋಗುಂ ಸಾರ್" ಎಂದರು. ಬೀಚ್ ಸ್ಟೇಷನ್ನಿಗೇ ಈ ಬಂಡಿಯ ದಾರಿ ಮುಗಿಯುತ್ತದೆಂದು ನನಗೆ ತಿಳಿಸುವುದು ತಮ್ಮ ಕರ್ತವ್ಯವೆಂಬಂತೆ.

ಬೀಚಿನವರೆಗೂ ಹೋಗಲಿಲ್ಲ. ನಡುವೆ ಪರಂಗಿಮಲೆ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಯ ಗುಡ್ಡದ ಮೆಟ್ಟಿಲುಗಳನ್ನು ಜಾಕೆಟ್ ಸಮೇತ ಮೂರು ಸಲ ಹತ್ತಿ ಇಳಿದೆ. ಹೊರಗೆ ಹೋಗಬೇಕಿದ್ದ ಬೆವರು ಒಂದು ಹನಿಯೂ ಹೋಗಲಿಲ್ಲ. ಮನೆಗೆ ಬಂದಾಗ, ಇಲ್ಲೇ ಹುಟ್ಟಿ ಕನ್ನಡಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವ ಮಗಳು ಕೇಳಿದಳು: "ಅಪ್ಪಾ, ಕಡಲ್‌ಲೆ ವಿಳುಂದಿಟ್ಟಿಯಾ?"

ಕಡಲಿಗೆ ಬಿದ್ದವನ ಹಾಗೇ ಇದ್ದೆ. ತೀರ್ಪು ಕೊಟ್ಟೆ: ಜಾಕೆಟ್ ಫೇಲ್. ಬೆವರು ಕುಡಿದ ಬಟ್ಟೆಯನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. "ಬಿಡಿ, ನಾನೇ ಹಾಕ್ಕೋತೀನಿ," ಅಂದಳು ಹೆಂಡತಿ. ನನ್ನ ಅಳತೆಯ ಜಾಕೆಟ್ಟಿನ ತೋಳುಗಳು ಅವಳ ಬೆರಳುಗಳನ್ನೂ ನುಂಗಿದವು. ನಾನು ಹಾಸಿಗೆಯಷ್ಟು ದಪ್ಪದ ಇನ್ನೊಂದನ್ನು ಕೊಂಡೆ. ಅದನ್ನು ಪರೀಕ್ಷಿಸಲಿಲ್ಲ, ನೋಡಿದರೇ ನಂಬಿಕೆ ಬರುವಂತಿತ್ತು.

ಹಿಮದಲ್ಲಿ ಎರಡು ಗಂಟೆ ಹತ್ತಿದ ಮೇಲೆ ತಪ್ಪು ಹೊಳೆಯಿತು. ಬೆವರು ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿಯಲ್ಲಿ ಅದಕ್ಕೆ ಜಾಗ ಇರಬೇಕು. ಬೇಸಿಗೆಯ ಚೆನ್ನೈ ಗಾಳಿ ಜಾಕೆಟ್ಟಿನ ಒಳಗಿನಷ್ಟೇ ಒದ್ದೆ. ಹೈಸ್ಕೂಲಿನ ಹುಡುಗನಿಗೂ ಗೊತ್ತಿರುವ ವಿಷಯ. ಫೇಲಾದದ್ದು ಊರಿನ ಹವೆ, ನಪಾಸು ಮಾಡಿದ್ದು ಜಾಕೆಟ್ಟನ್ನು. ಈಗ ಆ ಹಾಸಿಗೆಯಂಥ ಜಾಕೆಟ್ಟಿನೊಳಗೆ ನಾನು ತೊಯ್ದು ತೊಪ್ಪೆಯಾಗಿದ್ದೆ. ನಿಂತರೆ ಆ ಬೆವರೇ ಮಂಜಾಗುತ್ತಿತ್ತು. ನೀಲಿ ಜಾಕೆಟ್ ತೊಟ್ಟ ಹೆಂಡತಿ ಒದ್ದೆಯಾಗದ ಮೈಯಲ್ಲಿ, ಹಾಡೊಂದನ್ನು ಗುನುಗುತ್ತ ಮುಂದೆ ಹೋಗುತ್ತಿದ್ದಳು.

ಮುಂದಿನದು ನನಗೆ ನೆನಪಿರುವುದು ಹೀಗೆ: ನನ್ನ ನಡುಕ ನೋಡಿ ಅವಳು ನೀಲಿ ಜಾಕೆಟ್ ಬಿಚ್ಚಿಕೊಟ್ಟಳು, ಅದನ್ನು ತೊಟ್ಟು ನಾನು ತುದಿ ಮುಟ್ಟಿದೆ. ವರ್ಷಗಟ್ಟಲೆ ಊಟಕ್ಕೆ ಬಂದವರಿಗೆಲ್ಲ ಹೀಗೇ ಹೇಳಿದ್ದೇನೆ, ಫೋಟೋ ಸಮೇತ. ಶಿಖರದ ಮೇಲೆ ನೀಲಿ ಜಾಕೆಟ್, ಟೋಪಿ, ಕಪ್ಪು ಕನ್ನಡಕ; ಮುಖ ಕಾಣುವುದಿಲ್ಲ.

ಮೊನ್ನೆ ಅದೇ ಕತೆಯ ನಡುವೆ, ಸಾರು ಬಡಿಸುತ್ತಿದ್ದ ಹೆಂಡತಿ ನಿಂತಳು. "ಗೈಡು ನಿಮ್ಮನ್ನ ಟೆಂಟಿಗೆ ವಾಪಸ್ ಕಳಿಸಿದ್ನಲ್ಲ. ಆ ಫೋಟೋದಲ್ಲಿ ಕೈ ಎಲ್ಲಿದೆ ನೋಡಿ."

ಕೈಗಳಿರಲಿಲ್ಲ. ತೋಳುಗಳು ಬೆರಳನ್ನೂ ನುಂಗಿದ್ದವು.

"ಆದರೆ ಆ ಗಾಳಿ ನೆನಪಿದೆಯಲ್ಲ," ಎಂದೆ. "ಕೆನ್ನೆಗೆ ರಪರಪ ಹೊಡೆದದ್ದು, ಎದೆಗೆ ಒಂದಿಷ್ಟೂ ಸೋಕದಿದ್ದದ್ದು. ಬೀಳದಂತೆ ಕಂಬಿಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದೆ."

"ಶಿಖರದ ಮೇಲೆ ಯಾವ ಕಂಬಿ?" ಅಂದಳು.

ನಾನು ಅನ್ನಕ್ಕೆ ಸಾರು ಕಲಸಿಕೊಂಡೆ.