ಎರ್ಸಿಲಿಯಾ ವಾಪಸ್ ಎಸೆದ ಕಿತ್ತಳೆ

ಕಿತ್ತಳೆ ಎಸೆಯುವುದರಲ್ಲಿ ಎರ್ಸಿಲಿಯಾಳಂಥ ಕೈ ನಮ್ಮ ಇವ್ರೇಯಾ ಊರಿನಲ್ಲಿ ಇನ್ನೊಂದಿರಲಿಲ್ಲ. ಕಾರ್ನಿವಲ್ಲಿನ ಕೊನೆಯ ಮೂರು ದಿನ ಕುದುರೆಗಾಡಿಯವರು ಮೇಲಿನಿಂದ ಎಸೆಯುತ್ತಾರೆ, ಚೌಕದಲ್ಲಿ ನಿಂತ ತಂಡದವರು ಕೆಳಗಿನಿಂದ ತಿರುಗಿಸಿ ಎಸೆಯುತ್ತಾರೆ. ಗಾಡಿಯವರ ಮುಖಕ್ಕೆ ಚರ್ಮದ ಕವಚವಿದೆ. ಕೆಳಗಿನವರದು ಬರಿ ಮುಖ. ಆ ಬರಿ ಮುಖದಲ್ಲಿ ಅವಳು ಹದಿನಾರನೇ ವಯಸ್ಸಿನಿಂದ ಐವತ್ತೊಂದು ವರ್ಷ ನಿಂತಳು. ಮೂಗು ಎರಡು ಸಲ ಮುರಿಯಿತು. ಟೈಪ್‌ರೈಟರ್ ಕಾರ್ಖಾನೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು ಸ್ಪ್ರಿಂಗ್ ಕೂರಿಸುತ್ತಿದ್ದೆವು. ಕಾರ್ನಿವಲ್ ಮುಗಿದ ಗುರುವಾರ ಅವಳು ಊದಿದ ಕಣ್ಣಿನಲ್ಲೇ ಕೆಲಸಕ್ಕೆ ಬರುತ್ತಿದ್ದಳು. ಹೊಸ ಮೇಸ್ತ್ರಿಯೊಬ್ಬ, "ಗಂಡ ಹೊಡೆದನೇನಮ್ಮಾ?" ಎಂದು ಕೇಳಿದ್ದಕ್ಕೆ, "ನಂಗೆ ಗಂಡ ಇಲ್ಲ. ಇದ್ದಿದ್ರೆ ನೀವು ಅವನ ಮುಖ ನೋಡ್ಬೇಕಿತ್ತು" ಎಂದಿದ್ದಳು.

ಹೋದ ಚಳಿಗಾಲಕ್ಕೆ ಮುಂಚೆ ಅವಳ ಎಡಗಣ್ಣಿನ ಒಳಪದರ ಹರಿದು ಆಪರೇಷನ್ ಆಯಿತು. ಜನವರಿಯಲ್ಲಿ ತಂಡದ ನಾಯಕ ಮಾನ್ಲಿಯೊ ಅವಳ ಮನೆಗೆ ಬಂದ. ಅವನಿಗೆ ಎಸೆಯುವುದನ್ನು ಕಲಿಸಿದವಳೇ ಅವಳು. ಬಂದವನು ಮೇಜಿನ ಮೇಲೆ ಒಂದು ಕೆಂಪು ಟೋಪಿ ಇಟ್ಟ. ಕಾಳಗಕ್ಕೆ ಇಳಿಯದವರು ಹಾಕಿಕೊಳ್ಳುವ ಟೋಪಿ ಅದು. ಅದು ತಲೆಯ ಮೇಲಿದ್ದರೆ ಯಾರೂ ಹೊಡೆಯುವುದಿಲ್ಲ.

"ಅತ್ತೆ, ಈ ಸಲ ನೀವು ಭಾನುವಾರ ಬೆಳಿಗ್ಗೆ ಕಾಳಿನ ಹಂಡೆ ಹತ್ರ ನಿಂತ್ಕೊಳ್ಳಿ. ಬಂದವರಿಗೆಲ್ಲ ಬಡಿಸಿ. ಮಧ್ಯಾಹ್ನ ನೋಡೋರಿಗೆ ಅಂತ ಕಟ್ಟಿರೋ ಬಲೆ ಹಿಂದೆ ಕೂತು ನೋಡಿ."

"ನಾನು ಬಡಿಸೋಕೆ ಹುಟ್ಟಿದೀನಾ?"

"ಡಾಕ್ಟರು ಹೇಳಿದಾರಲ್ಲ, ಇನ್ನೊಂದು ಪೆಟ್ಟು ಬಿದ್ರೆ ಕಣ್ಣು ಹೋಗತ್ತೆ ಅಂತ."

"ಕಣ್ಣು ನಂದು ಕಣೋ!"

"ತಂಡ ನಂದು, ಅತ್ತೆ" ಎಂದ ಅವನು ಮೆತ್ತಗೆ.

ಟೋಪಿ ಕಿಟಕಿಯಿಂದ ಹಾರಿ ಹೋಗಿ ಕೆಳಗಿನ ಮನೆಯವರ ಬಟ್ಟೆ ಹಗ್ಗದ ಮೇಲೆ ಬಿತ್ತು. ಮಾನ್ಲಿಯೊ ಅದನ್ನು ಎತ್ತಿಕೊಂಡು ಹೋದ.

ಮಾರನೆಯ ದಿನ ಅವಳು ನನ್ನ ಬಾಗಿಲಿಗೆ ಬಂದಳು. "ಕಾರ್ನಿವಲ್ ದಿನ ನಾನು ಈ ಊರಲ್ಲಿ ಇರಲ್ಲ ಕಣೇ. ನಂಗೂ ಎಸೆಯೋಕೆ ಬಿಡೋ ಹಬ್ಬ ಯೂರೋಪಿನಲ್ಲಿ ಎಲ್ಲಾದ್ರೂ ಇರ್ಲೇಬೇಕು. ಅಲ್ಲಿಗೆ ಹೋಗೋಣ. ಓರೆಸ್ತೆಗೂ ಹೇಳಿದೀನಿ."

ಓರೆಸ್ತೆ ನಮ್ಮಿಬ್ಬರ ಹಳೆಯ ಗೆಳೆಯ. ಮೂವತ್ತು ವರ್ಷ ಬಸ್ಸು ಓಡಿಸಿದವನು. ಬೇರೆ ಯಾರೇ ಓಡಿಸಿದರೂ ಅವನಿಗೆ ನಂಬಿಕೆಯಿಲ್ಲ, ರೈಲಿನ ಚಾಲಕನನ್ನೂ ಬೈಯುತ್ತಾನೆ. ನನ್ನ ಮೊಮ್ಮಕ್ಕಳ ಹಳೆಯ ಬೆನ್ನುಚೀಲಗಳನ್ನು ಹೊತ್ತು ಮೂವರೂ ಹೊರಟೆವು. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಂಬ ಹಾಗಿತ್ತು ನಮ್ಮ ಯಾತ್ರೆ. ಓರೆಸ್ತೆಗೆ ಹೊತ್ತಿಗೆ ಸರಿಯಾಗಿ ಊಟವಾಗಬೇಕು, ನಾನು ಎರಡು ಗಂಟೆಗೊಮ್ಮೆ ಕೂರಬೇಕು, ಅವಳಿಗೆ ಕೂರುವುದೆಂದರೆ ಆಗದು.

ನೀಸ್‌ನಲ್ಲಿ ಹೂವಿನ ಮೆರವಣಿಗೆ ಇತ್ತು. ಚೀಟಿ ತೆಗೆದುಕೊಂಡು ಕಬ್ಬಿಣದ ಬೇಲಿಯ ಹಿಂದೆ ಕುರ್ಚಿಯಲ್ಲಿ ಕೂತೆವು. ಗಾಡಿಯ ಮೇಲಿನ ಹುಡುಗಿಯರು ನಮ್ಮತ್ತ ಹಳದಿ ಹೂ ಎಸೆದರು. ಎರ್ಸಿಲಿಯಾಳ ತೊಡೆಯ ಮೇಲೂ ಒಂದು ಕೊಂಬೆ ಬಿತ್ತು.

"ಇದನ್ನೇನು ಮಾಡೋದು?"

"ಮನೆಗೆ ತಗೊಂಡು ಹೋಗ್ಬೇಕಂತೆ" ಎಂದೆ.

"ನಾನೇನು ಹೆಣವಾ, ಮೇಲೆ ಹೂ ಹಾಕೋಕೆ?"

ಲಿಯೋನ್‌ನಲ್ಲಿ ಮಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಅಲ್ಲಿಯ ವಸತಿಗೃಹದಲ್ಲಿ ಎಂಟು ಜನಕ್ಕೊಂದು ಕೋಣೆ, ಒಂದರ ಮೇಲೊಂದು ಮಂಚ. ಇಪ್ಪತ್ತರ ಹುಡುಗರು ಕೆಳಗಿನ ಮಂಚ ಹಿಡಿದು ಮಲಗಿದ್ದರು. ಯಾರನ್ನೂ ಕೇಳುವುದಿಲ್ಲವೆಂದು ಅವಳು ಮೇಲಿನದಕ್ಕೆ ಹತ್ತಿದಳು, ಇಳಿಯುವಾಗ ಮೊಣಕಾಲು ಕೆರೆದುಕೊಂಡಳು. ಪ್ಯಾರಿಸ್‌ನಲ್ಲಿ ಓರೆಸ್ತೆಗೆ ಹೊಟ್ಟೆ ಕೆಟ್ಟು ಎರಡು ದಿನ ಹೋಯಿತು. ಊರಿನ ಕಾಳಗ ಶುರುವಾಗುವ ಭಾನುವಾರ ನಾವು ಬ್ರಸೆಲ್ಸ್‌ನಲ್ಲಿ ಒಂದು ಬಟ್ಟೆ ಒಗೆಯುವ ಅಂಗಡಿಯ ಮುಂದೆ ಕೂತಿದ್ದೆವು, ಒಳಗೆ ಯಂತ್ರ ತಿರುಗುತ್ತಿತ್ತು. ಅವಳು ಗಡಿಯಾರ ನೋಡಿದಳು. ಎರಡೂವರೆಯಾಗಿತ್ತು.

"ಈಗ ಮೊದಲನೇ ಗಾಡಿ ಚೌಕಕ್ಕೆ ಬಂದಿರತ್ತೆ" ಎಂದಳು.

ಆಗ ಪಕ್ಕದಲ್ಲಿ ಕಾಲುಚೀಲ ಮಡಿಸುತ್ತಿದ್ದ ಹುಡುಗಿಯೊಬ್ಬಳು, ನಮ್ಮ ಕಡೆಯವಳೇ, ಓದಲು ಬಂದವಳು, ಕೇಳಿದಳು: "ಅಜ್ಜಿ, ಇಲ್ಲೇ ಹತ್ರದ ಬ್ಯಾಂಶ್ ಊರಿಗೆ ಹೋಗಲ್ವಾ? ಮಂಗಳವಾರ ಅಲ್ಲಿ ಕಿತ್ತಳೆ ಎಸೀತಾರೆ."

ಅವಳು ಇಷ್ಟೇ ಹೇಳಿದ್ದು. ಎರ್ಸಿಲಿಯಾ ಇನ್ನೇನನ್ನೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಕಿತ್ತಳೆ ಎಸೆಯುತ್ತಾರೆ ಎಂದಮೇಲೆ ಇವ್ರೇಯಾದವರು ಕೇಳಲು ಇನ್ನೇನಿದೆ?

ಮಂಗಳವಾರ ಬ್ಯಾಂಶ್‌ನಲ್ಲಿ ಇಳಿದರೆ ಊರಿನ ಕಿಟಕಿಗಳಿಗೆಲ್ಲ ತಂತಿಬಲೆ ಹೊಡೆದಿತ್ತು. ಅದನ್ನು ನೋಡಿಯೇ ಅವಳ ಮುಖ ಅರಳಿತು. ಹತ್ತು ದಿನದಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟಳು. ತೋಳು ಮಡಿಸಿದಳು. ಕನ್ನಡಕ ತೆಗೆದು ಓರೆಸ್ತೆಯ ಜೇಬಿಗೆ ಹಾಕಿದಳು.

"ಕಣ್ಣು ಕಣೇ!" ಎಂದೆ.

"ನೀನೂ ಮಾನ್ಲಿಯೊ ಆಗ್ಬೇಡ."

ಮಧ್ಯಾಹ್ನ ಡೋಲಿನ ಸದ್ದು ಹತ್ತಿರವಾಯಿತು. ಬಟ್ಟೆಯೊಳಗೆ ಹುಲ್ಲು ತುಂಬಿಕೊಂಡ ಗಂಡಸರು, ತಲೆಯ ಮೇಲೆ ಆಳೆತ್ತರದ ಬಿಳಿ ಗರಿ, ಕಾಲಿಗೆ ಮರದ ಪಾದರಕ್ಷೆ, ಸೊಂಟದಲ್ಲಿ ಗಂಟೆ. ಅವರನ್ನು ಜಿಲ್ ಎನ್ನುತ್ತಾರೆ. ಬುಟ್ಟಿಯಿಂದ ಒಂದೊಂದೇ ಕಿತ್ತಳೆ ತೆಗೆದು ಜನರತ್ತ ತೂರುತ್ತ ಕುಣಿದು ಬರುತ್ತಿದ್ದರು. ಕುಂಟುತ್ತಿದ್ದ ದಪ್ಪನೆಯ ಜಿಲ್ ಒಬ್ಬ ಎರ್ಸಿಲಿಯಾಳ ಕಡೆ ಒಂದನ್ನು ತೂರಿದ. ಎಡಗೈಯಲ್ಲಿ ಹಿಡಿದು, ಬಲಗೈಗೆ ದಾಟಿಸಿ, ಎಸೆದೇಬಿಟ್ಟಳು. ಪಟ್ಟನೆ ಅವನ ಎದೆಯ ಮಧ್ಯಕ್ಕೆ ಬಿತ್ತು. ಹಣ್ಣು ಒಡೆದು ಬಿಳಿ ಕಸೂತಿಯ ಮೇಲೆ ರಸ ಇಳಿಯಿತು. ಒಳ್ಳೆಯ ಎಸೆತ, ಸುಳ್ಳು ಹೇಳಬಾರದು.

ಡೋಲು ನಿಲ್ಲಲಿಲ್ಲ, ಆದರೆ ನಮ್ಮ ಸುತ್ತಲಿನ ಜನರೆಲ್ಲ ನಮ್ಮತ್ತ ತಿರುಗಿದರು. ಆಮೇಲೆ ಎಲ್ಲರೂ ಒಟ್ಟಿಗೆ ಬೈಯತೊಡಗಿದರು. ಒಬ್ಬಳು ಬಂದು ಎರ್ಸಿಲಿಯಾಳ ರಟ್ಟೆ ಹಿಡಿದು, ನಾವು ಮಾತಾಡಿಕೊಳ್ಳುವುದನ್ನು ಕೇಳಿದ್ದಳೇನೋ, ನಮ್ಮ ಭಾಷೆಯಲ್ಲೇ ಗದರಿದಳು.

"ನಿಂಗೇನು ಬುದ್ಧಿ ಇಲ್ವಾ? ಅವರು ಕೊಡೋದು ಕಾಣಿಕೆ. ಮನೇಲಿಟ್ರೆ ವರ್ಷವಿಡೀ ಒಳ್ಳೇದಾಗತ್ತೆ. ತಿರುಗಿ ಎಸೆದ್ರೆ ಮುಖಕ್ಕೆ ಉಗಿದ ಹಾಗೆ!"

"ನಮ್ಮೂರಲ್ಲಿ ತಿರುಗಿ ಎಸೀದಿದ್ರೆ ಉಗಿದ ಹಾಗೆ!"

"ಹಂಗಾದ್ರೆ ನಿಮ್ಮೂರಲ್ಲೇ ಎಸಿ!"

"ಅಲ್ಲಿ ಬಿಡಲಿಲ್ಲ" ಎಂದಳು ಎರ್ಸಿಲಿಯಾ. ಅವಳ ಸ್ವರ ಒಮ್ಮೆಗೇ ಇಳಿಯಿತು. "ವಯಸ್ಸಾಯ್ತು, ಕಣ್ಣು ಹೋಯ್ತು, ಬಡಿಸು ಅಂದ್ರು."

ಆ ಹೆಂಗಸು ರಟ್ಟೆ ಬಿಟ್ಟಳು. ಅವಳ ಹೆಸರು ಜೋಸೆಟ್. ಅವಳಪ್ಪ ನಮ್ಮ ದೇಶದಿಂದ ಇಲ್ಲಿಯ ಗಣಿಗೆ ಬಂದವನಂತೆ. ನಮ್ಮನ್ನು ಮೇಲಿನಿಂದ ಕೆಳಗೆ ನೋಡಿ, "ಇಲ್ಲಿ ನಿಂತ್ರೆ ಒದೆ ತಿಂತೀರಿ. ಬನ್ನಿ. ಮನೇಲೂ ನಿಮ್ಮ ಹಾಗೇ ಮುಖ ಊದಿಸ್ಕೊಂಡಿರೋನೊಬ್ಬ ಇದಾನೆ, ಅವನ ಜೊತೆ ಕೂತ್ಕೊಳ್ಳಿ" ಎಂದಳು.

ಮನೆ ಎರಡು ಬೀದಿ ಆಚೆಗಿತ್ತು. ಅಡುಗೆಮನೆಯಲ್ಲಿ ಅವಳ ಗಂಡ ಫಿರ್ಮಾಂ ಕಿಟಕಿ ಮುಚ್ಚಿ, ದೊಡ್ಡ ಸದ್ದಿನಲ್ಲಿ ಟಿ.ವಿ. ಹಾಕಿಕೊಂಡು ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಟಿ.ವಿ.ಯಲ್ಲಿ ಸೈಕಲ್ ಪಂದ್ಯ. ನಲವತ್ತು ವರ್ಷ ಜಿಲ್ ಆಗಿ ಕುಣಿದವನು. ಮೂರು ವರ್ಷದ ಹಿಂದೆ ಮೊಣಕಾಲಿಗೆ ಲೋಹ ಹಾಕಿದ ಮೇಲೆ ಕುಣಿತ ನಿಂತಿತು. ತಂಡದವರು ಹಿಂದೆ ಬುಟ್ಟಿ ಹಿಡಿದು ನಡೆ ಎಂದರಂತೆ. ಆಗಲ್ಲ ಎಂದವನು ಅಂದಿನಿಂದ ಹಬ್ಬದ ದಿನ ಹೊಸ್ತಿಲು ದಾಟಿಲ್ಲ.

ಜೋಸೆಟ್ ನಡೆದದ್ದನ್ನು ಹೇಳಿದಳು. ಅವನು ಚಾಕು ಕೆಳಗಿಟ್ಟ.

"ಯಾರಿಗೆ ಹೊಡೆದ್ರಿ?" ಅವನಿಗೂ ಹೆಂಡತಿಯ ಭಾಷೆ ಅಷ್ಟಿಷ್ಟು ಬರುತ್ತಿತ್ತು.

"ದಪ್ಪನೆಯವನಿಗೆ. ಕುಂಟ್ತಿದ್ದ."

"ಕುಂಟೋನಾ? ಎಲ್ಲಿಗೆ?"

"ಎದೆಗೆ. ನಟ್ಟನಡುವೆ."

"ನಲವತ್ತು ವರ್ಷ ಕುಣಿತದಲ್ಲಿ ಆ ಕತ್ತೆ ನನ್ನ ಕಾಲು ತುಳೀತಿದ್ದ!" ಎಂದು ಫಿರ್ಮಾಂ ಮೇಜು ಕುಟ್ಟಿ ನಕ್ಕ. ಎರ್ಸಿಲಿಯಾಳೂ ನಕ್ಕಳು. ಓರೆಸ್ತೆಗೆ ಸೂಪು ಸಿಕ್ಕಿತು.

ಅಷ್ಟರಲ್ಲಿ ಡೋಲು ಈ ಬೀದಿಗೆ ತಿರುಗಿತು. ಫಿರ್ಮಾಂ ಟಿ.ವಿ. ಸದ್ದನ್ನು ಇನ್ನೂ ಏರಿಸಿದ. ತಲೆ ಬಗ್ಗಿಸಿ ಆಲೂಗೆಡ್ಡೆ ಕೈಗೆತ್ತಿಕೊಂಡ. ಸಿಪ್ಪೆ ಪೂರ್ತಿ ಹೋದಮೇಲೂ ಚಾಕು ಆಡುತ್ತಲೇ ಇತ್ತು, ಗೆಡ್ಡೆ ಸವೆದು ನೆಲ್ಲಿಕಾಯಿಯಷ್ಟಾಯಿತು. ಮೇಜಿನ ಕೆಳಗೆ ಅವನ ಒಳ್ಳೆಯ ಕಾಲು ಡೋಲಿಗೆ ಸರಿಯಾಗಿ ನೆಲ ತಟ್ಟುತ್ತಿತ್ತು. ಜೋಸೆಟ್ ನೋಡಿಯೂ ನೋಡದ ಹಾಗೆ ಒಲೆಯ ಕಡೆ ತಿರುಗಿದಳು.

ಎರ್ಸಿಲಿಯಾ ಮಾತ್ರ ಆ ಕಾಲನ್ನೇ ನೋಡುತ್ತ ಕೂತಳು. ಡೋಲು ದಾಟಿಹೋಗುವವರೆಗೂ ನೋಡಿದಳು. ಆಮೇಲೆ ಎದ್ದು ಕೋಟು ಹಾಕಿಕೊಂಡಳು.

"ನಡೀರಿ. ರೈಲು ಹೋಗತ್ತೆ."

"ಸೂಪು ಇನ್ನೂ..." ಎಂದ ಓರೆಸ್ತೆ.

"ಏಳೋ!"

ನಿಲ್ದಾಣದ ಬೆಂಚಿನ ಮೇಲೆ ಬಹಳ ಹೊತ್ತು ಉಗುರು ಕಚ್ಚುತ್ತ ಕೂತಿದ್ದವಳು ನನ್ನ ಫೋನ್ ಕಿತ್ತುಕೊಂಡು ಮಾನ್ಲಿಯೊಗೆ ಮಾಡಿದಳು. ಅತ್ತ ಕಡೆ ಗದ್ದಲವೋ ಗದ್ದಲ. ಕೊನೆಯ ದಿನದ ಕಾಳಗ ಇನ್ನೂ ನಡೆಯುತ್ತಿತ್ತು.

"ಅತ್ತೆ! ಎಲ್ಲಿದೀರಿ?"

"ಎಲ್ಲೋ ಇದೀನಿ. ಮುಂದಿನ ವರ್ಷ ಹಂಡೆ ಹತ್ರ ಇನ್ಯಾರನ್ನೂ ನಿಲ್ಲಿಸ್ಬೇಡ."

"ನಿಜವಾಗ್ಲೂ?"

"ಪೂರ್ತಿ ಕೇಳು. ಹಂಡೇನ ಚೌಕದ ಕಡೆ ಮುಖ ಮಾಡಿ ಇಡ್ಬೇಕು."

"ಹಂಡೆಗೆಲ್ಲಿ ಮುಖ, ಅತ್ತೆ?"

"ನಂಗಿದೆಯಲ್ಲ! ಗೋಡೆ ನೋಡ್ಕೊಂಡು ನಿಲ್ಲಲ್ಲ ನಾನು. ಮಧ್ಯಾಹ್ನ ನಿಮ್ಮ ಹುಡುಗರು ಎಸೆಯೋದನ್ನ ನೋಡ್ತೀನಿ, ತಪ್ಪು ಮಾಡಿದೋರಿಗೆ ಅಲ್ಲಿಂದ್ಲೇ ಬೈತೀನಿ. ಯಾರೂ ಬೇಜಾರು ಮಾಡ್ಕೋಬಾರ್ದು."

"ಟೋಪಿ ಹಾಕ್ತೀರಾ?"

ಫೋನಿನೊಳಗೆ ಜನ ಹೋ ಎಂದು ಕೂಗಿದರು. ಯಾವುದೋ ಗಾಡಿ ಚೌಕಕ್ಕೆ ಬಂದಿರಬೇಕು. ಅವಳ ಬಲಗೈ ತಾನಾಗಿಯೇ ಮೇಲೆದ್ದಿತು. ಅದನ್ನು ಎಳೆದು ಕೋಟಿನ ಜೇಬಿಗೆ ತುರುಕಿದಳು.

"ಹಾಕ್ತೀನಿ, ಹಾಳಾದೋನೆ" ಎಂದಳು. "ಎಡಗಡೆಯ ಗಾಡಿ ನೋಡ್ಕೊಳ್ಳೋ, ಫೋನ್ ಹಿಡ್ಕೊಂಡು ನಿಂತಿದೀಯಲ್ಲ!"