ಹತ್ತು ಕೊಟ್ಟಿದ್ದೆವು, ಹತ್ತು ಬಂದವು

ಅಕ್ಕನ ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ನಾವು ಮೂವರು ಗೋಕಾಕದ ಒಂದು ಸಣ್ಣ ನರ್ಸಿಂಗ್ ಹೋಮಿನ ಮಾಳಿಗೆಯ ಮೇಲೆ ಕುಳಿತು ಮಾಪು ಹೊಲಿಯುತ್ತಿದ್ದೆವು. ಮಾಪು ಎಂದರೆ ನೆಲ ಒರೆಸುವ ಬಟ್ಟೆಯಲ್ಲ. ಹೊಟ್ಟೆ ಕೊಯ್ದಾಗ ಒಳಗಿನ ರಕ್ತ ಹೀರಲು ಇಡುವ ಚೌಕ. ತೆಳು ಗಾಜ್ ಬಟ್ಟೆಯನ್ನು ನಾಲ್ಕಾರು ಮಡಿಕೆ ಮಾಡಿ ಅಂಚು ಹೊಲಿದು ಒಂದು ಮೂಲೆಗೆ ಗೇಣುದ್ದದ ಲಾಡಿ ಹಚ್ಚಿರುತ್ತದೆ. ಈಗ ಪಾಕೀಟಿನಲ್ಲಿ ಬರುತ್ತವೆ. ತೊಂಬತ್ತರ ದಶಕದಲ್ಲಿ ನಮ್ಮಂಥ ಸಣ್ಣ ಆಸ್ಪತ್ರೆಗಳಲ್ಲಿ ನಾವೇ ಥಾನು ಕತ್ತರಿಸಿ ಹೊಲಿಯುತ್ತಿದ್ದೆವು. ಬಳಸಿದ್ದನ್ನು ಒಗೆದು, ಕುದಿಸಿ, ತಂತಿಗೆ ಹಾಕಿ ಮತ್ತೆ ಬಳಸುತ್ತಿದ್ದೆವು.

ನಾನು ಅಲ್ಲಿ ಆಪರೇಷನ್ ಥಿಯೇಟರಿನ ಸಹಾಯಕ. ಸುಶೀಲಾ ಸಿಸ್ಟರ್ ಅಲ್ಲಿಯ ನರ್ಸು. ಮೂರನೆಯವಳು ಪದ್ಮಕ್ಕ, ನನ್ನ ಒಡಹುಟ್ಟಿದವಳು, ಹುಕ್ಕೇರಿಗೆ ಕೊಟ್ಟ ಹೆಣ್ಣು. ಗರ್ಭಕೋಶ ತೆಗೆಸಿಕೊಳ್ಳಲು ಬಂದು ದಾಖಲಾಗಿದ್ದಳು. ವಾರ್ಡಿನಲ್ಲಿ ಒಬ್ಬಳೇ ಮಲಗಲಾರದೆ ಮೇಲೆ ಬಂದು ಸಿಸ್ಟರ್ ಕೈಯಿಂದ ಸೂಜಿ ಕಸಿದುಕೊಂಡಿದ್ದಳು.

"ಪೇಶಂಟ್ ಅದೀರಿ, ಮಲಕೋರಿ ಅಂದ್ರ ಕೇಳಂಗಿಲ್ಲ ನೀವು," ಎಂದರು ಸಿಸ್ಟರ್.

"ಮಲಕೊಂಡ ಮಾಡೂದೇನೈತ್ರಿ ಬಾಯಾರ? ನಾಳೆ ಹೆಂಗೂ ನೀವ ಮಲಗಸ್ತೀರಿ." ಅಕ್ಕ ನನ್ನ ಹೊಲಿಗೆ ಎತ್ತಿ ಬಿಸಿಲಿಗೆ ಹಿಡಿದಳು. "ಇದೇನೋ ಬಾಹು, ಕೌದಿ ಹೊಲದಂಗ ಹೊಲದೀಯಲ್ಲೋ. ಇದನ್ನ ನನ್ನ ಹೊಟ್ಟ್ಯಾಗ ಇಡಾವರೇನು?"

"ನಿನಗ ಸಿಸ್ಟರ್ ಹೊಲದದ್ದು ಇಡತೇವಿ ತಗೋ."

"ಬ್ಯಾಡ. ನನಗ ನಾ ಹೊಲದದ್ದ ಇಡ್ರಿ. ಯಾರ ಹಂಗೂ ಬ್ಯಾಡ."

ಮೂವರೂ ನಕ್ಕೆವು. ಕೆಳಗೆ ರಸ್ತೆಯಲ್ಲಿ ಮೂಡಲಗಿ ಬಸ್ಸು ಬಂದ ಸದ್ದು ಕೇಳಿಸಿತು. ಅವ್ವ ನಮ್ಮೂರಿನಿಂದ ಅದೇ ಬಸ್ಸಿಗೆ ಬುತ್ತಿ ತರುವವಳಿದ್ದಳು. ಅಕ್ಕ ದಾರವನ್ನು ಹಲ್ಲಿನಿಂದ ಕಡಿದು, "ನಾಳೆ ನೀ ಒಳಗ ಇರತೀ ಹೌದಿಲ್ಲೋ?" ಎಂದು ಕೇಳಿದಳು.

"ಇರತೇನಿ."

"ಹಂಗಿದ್ರ ನನಗೇನ ಅಂಜಿಕಿಲ್ಲ ಬಿಡು."

ಅದಾದ ಮೇಲೆ ನಮ್ಮ ಮನೆಯಲ್ಲಿ ಅಂಥ ಮಧ್ಯಾಹ್ನ ಬರಲಿಲ್ಲ.

ಮರುದಿನ ರಕ್ತ ನಾವು ಎಣಿಸಿದ್ದಕ್ಕಿಂತ ಹೆಚ್ಚು ಹೋಯಿತು. ಒಂದು ಮೂಲೆಯಲ್ಲಿ ಒತ್ತಿ ಇಡಲು ಡಾಕ್ಟರು ಸಣ್ಣ ತುಂಡು ಕೇಳಿದರು. ಸಣ್ಣವು ಮುಗಿದಿದ್ದವು. ಇಂಥ ಹೊತ್ತಿಗೆ ನಮ್ಮಲ್ಲಿ ಒಂದು ರೂಢಿಯಿತ್ತು. ದೊಡ್ಡ ಮಾಪನ್ನು ಕತ್ತರಿಯಿಂದ ಎರಡು ಮಾಡುವುದು. ಮಾಡಿದವನು "ಒಂದು ಎರಡಾತು" ಎಂದು ಗಟ್ಟಿಯಾಗಿ ಹೇಳುವುದು. ಎಣಿಕೆ ಇಡುವವರು ಗೋಡೆಯ ಕರಿಹಲಗೆಯ ಮೇಲೆ ಒಂದು ಗೆರೆ ಹೆಚ್ಚಿಗೆ ಎಳೆಯುವುದು. ನಾನು ಕತ್ತರಿಸಿದೆ. ಲಾಡಿ ಇಲ್ಲದ ಅರ್ಧವನ್ನು ಡಾಕ್ಟರ ಕೈಗೆ ಕೊಟ್ಟೆ. ಬಾಯಿಬಿಟ್ಟು ಹೇಳಲಿಲ್ಲ. ಮೇಜಿನ ಮೇಲೆ ಪದ್ಮಕ್ಕ ಇದ್ದಳು, ಡಾಕ್ಟರು ಬೈಯುತ್ತಿದ್ದರು. ಕಾರಣಗಳನ್ನು ಈಗ ಎಷ್ಟಾದರೂ ಕೊಡಬಹುದು.

ಹೊಟ್ಟೆ ಮುಚ್ಚುವ ಮೊದಲು ಸಿಸ್ಟರ್ ಬಕೆಟ್ಟಿನಲ್ಲಿದ್ದವನ್ನು ಚಿಮಟದಿಂದ ಒಂದೊಂದಾಗಿ ಎತ್ತಿ ಎಣಿಸಿದರು. ರಕ್ತದಲ್ಲಿ ತೊಯ್ದು ಮುದ್ದೆಯಾದ ಅರ್ಧ ಮಾಪು ಇಡೀ ಮಾಪಿನಂತೆಯೇ ಕಾಣುತ್ತದೆ. ಹರವಿ ನೋಡುವ ಅಭ್ಯಾಸ ನಮ್ಮಲ್ಲಿ ಇರಲಿಲ್ಲ. "ಹತ್ತು ಕೊಟ್ಟಿದ್ವಿ, ಹತ್ತು ಬಂದ್ವು," ಎಂದರು.

ಮಾರನೆಯ ದಿನ ಒಗೆದ ಮಾಪುಗಳನ್ನು ತಂತಿಗೆ ಹಾಕುವಾಗ ಒಂದು ಅರ್ಧ ನನ್ನ ಕೈಗೆ ಬಂತು. ಅಂಚಿನ ಹೊಲಿಗೆ ಸಣ್ಣದು, ಒತ್ತಾದದ್ದು, ಅಕ್ಕನದು. ಅವಳು ಹೇಳಿದ್ದಳೆಂದು ಅವಳು ಹೊಲಿದದ್ದನ್ನೇ ನಾನು ಮೇಲಿಟ್ಟಿದ್ದೆ. ಅದರ ಜೊತೆಯ ಅರ್ಧ ತಂತಿಯ ಮೇಲೆ ಇರಲಿಲ್ಲ. ಕಸಕ್ಕೆ ಹೋಗಿರಬೇಕು ಅಂದುಕೊಂಡೆ. ಹಾಗೆ ಅಂದುಕೊಂಡು ಕೆಳಗಿಳಿದು ಊಟ ಮಾಡಿದೆ.

ಅಕ್ಕನಿಗೆ ಜ್ವರ ಬಂತು. ಹುಕ್ಕೇರಿಯಲ್ಲಿ ಗುಳಿಗೆ, ಸಂಕೇಶ್ವರದಲ್ಲಿ ಇಂಜೆಕ್ಷನ್ನು, ಕೊನೆಗೆ ಮೀರಜ. ಅಲ್ಲಿ ಮತ್ತೆ ಹೊಟ್ಟೆ ತೆರೆದರು, ಅರ್ಧ ಮಾಪು ಸಿಕ್ಕಿತು. ಅದಾದ ಐದನೆಯ ದಿನ ಅಕ್ಕ ಹೋದಳು.

ಅಕ್ಕನ ಗಂಡ ಶಾಂತಿನಾಥ ಮಾಮಾ ಅಲ್ಲಿಯ ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನ ತೋಳು ಹಿಡಿದು ಕೇಳಿದರು: "ನೀ ಒಳಗ ಇದ್ದೆಲ್ಲೋ. ಯಾರೂ ಎಣಿಸಿದ್ದಿಲ್ಲೇನು?"

"ಎಣಿಸಿದ್ರು ಮಾಮಾ. ಸಿಸ್ಟರ್ ಎಣಿಸಿದ್ರು," ಎಂದೆ.

ಅಷ್ಟೇ ಹೇಳಿದ್ದು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆ ವಾರವೇ ಸುಶೀಲಾ ಸಿಸ್ಟರ್ ಕೆಲಸ ಹೋಯಿತು. ನಾನು ನಾನಾಗಿಯೇ ಬಿಟ್ಟೆ. ದುಃಖಕ್ಕೆ ಬಿಟ್ಟ ಎಂದು ಎಲ್ಲರೂ ಮರುಗಿದರು.

ಮೀರಜದಲ್ಲಿ ಪರಿಚಯವಾದ ಕಂಪೌಂಡರೊಬ್ಬರು ಗುಜರಾತಿನ ರಾಜಕೋಟದಲ್ಲಿ ಥಿಯೇಟರಿಗೆ ಕೈ ಬೇಕಾಗಿದೆ ಎಂದರು. ನಮ್ಮ ಕಡೆಯವರು ಯಾರೂ ಇಲ್ಲದ ಊರು ಎಂಬ ಒಂದೇ ಕಾರಣಕ್ಕೆ ಹೊರಟೆ. ಇಳಿದಾಗ ಮಧ್ಯಾಹ್ನ ಎರಡು ಗಂಟೆ. ಇಡೀ ಊರಿನ ಬಾಗಿಲು ಹಾಕಿತ್ತು. ಬಟ್ಟೆಯಂಗಡಿ, ಚಪ್ಪಲಿಯಂಗಡಿ, ಔಷಧದ ಅಂಗಡಿ, ಒಂದೂ ತೆರೆದಿಲ್ಲ. ಏನೋ ಗಲಾಟೆಯಾಗಿ ಬಂದ್ ಇದೆ ಎಂದು ಹೆದರಿ, ರಿಕ್ಷಾದಲ್ಲಿ ಕಾಲು ಹೊರಗೆ ಚಾಚಿ ಮಲಗಿದ್ದವನನ್ನು ಎಬ್ಬಿಸಿ ಏನಾಗಿದೆ ಎಂದು ಕೇಳಿದೆ. ಅವನು ಒಂದು ಕಣ್ಣು ತೆರೆದು "ಬಪೋರ್" ಎಂದು ಹೇಳಿ ಮತ್ತೆ ಮುಚ್ಚಿದ. ಬಪೋರ್ ಎಂದರೆ ಮಧ್ಯಾಹ್ನ. ಅಲ್ಲಿ ಒಂದರಿಂದ ನಾಲ್ಕರವರೆಗೆ ಊರೇ ಮಲಗುತ್ತದೆ. ಗೋಕಾಕದಲ್ಲಿ ಆ ಹೊತ್ತು ನಾವು ಹೊಲಿಗೆಗೆ ಕೂಡುವ ಹೊತ್ತು. ಮೊದಲ ವರ್ಷವಿಡೀ ಆ ಮೂರು ತಾಸು ನನಗೆ ಕಳೆಯಲಾಗುತ್ತಿರಲಿಲ್ಲ. ಚಾದರ ಹಾಸಿ, ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದೆ.

ಬಾಡಿಗೆ ಮನೆ ಸಿಗುವುದಕ್ಕೆ ಮೊದಲು ಯಾವ ಜನ ಎಂದು ಹೇಳಬೇಕಾಯಿತು. ಜೈನರು ಎಂದೆ. ಮನೆಯ ಯಜಮಾನ ಹಸಮುಖಭಾಯಿಯೂ ಜೈನರೇ, ಮುಖ ಅರಳಿತು. "ಊರಲ್ಲಿ ಯಾವ ವ್ಯಾಪಾರ?" ಎಂದರು.

"ವ್ಯಾಪಾರ ಇಲ್ಲ, ಹೊಲ."

"ಹೊಲ ಕೊಳ್ಳುವ ಮಾರುವ ವ್ಯಾಪಾರವೇ?"

"ಅಲ್ಲ. ನಾವೇ ಉಳುತ್ತೇವೆ."

ಅವರು ಹೆಂಡತಿಯನ್ನು ಹೊರಗೆ ಕರೆದು ನನ್ನನ್ನು ತೋರಿಸಿದರು. ನೇಗಿಲು ಹಿಡಿಯುವ ಜೈನನನ್ನು ಅವರಿಬ್ಬರೂ ಕಂಡಿರಲಿಲ್ಲ. ಕೋಣೆ ಕೊಟ್ಟರು, ಆದರೆ ನನ್ನ ಜೈನತನದ ಮೇಲೆ ಅವರಿಗೆ ಕೊನೆಯವರೆಗೂ ಗುಮಾನಿ ಇತ್ತು. ಮೂಡಲಗಿಯಲ್ಲಿ ಹೊಲಕ್ಕೆ ಹೋಗುವ ನಮ್ಮ ಮಂದಿ ರೊಟ್ಟಿಗೆ ಉಳ್ಳಾಗಡ್ಡಿ ಕಚ್ಚುತ್ತಾರೆ. ಇಲ್ಲಿಯ ಜೈನರು ಈರುಳ್ಳಿ ಮುಟ್ಟುವವರಲ್ಲ, ಹಾಗಾಗಿ ಉಳ್ಳಾಗಡ್ಡಿಯನ್ನು ಕಾಗದದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡು ಮೆಟ್ಟಿಲು ಹತ್ತಿದ್ದೇನೆ. ಸಜ್ಜಿ ರೊಟ್ಟಿಗೆ ಅವರು ರೋಟಲೋ ಎನ್ನುತ್ತಾರೆ. ನಮ್ಮದಕ್ಕಿಂತ ದಪ್ಪ, ರುಚಿ ಅದೇ. ಮೊದಲ ಸಲ ತಿಂದ ದಿನ ಇನ್ನೊಂದು ಕೇಳಿ ಹಾಕಿಸಿಕೊಂಡೆ. ಬೇಳೆ ಮಾತ್ರ ಸಿಹಿ.

ವಾರಕ್ಕೊಮ್ಮೆ ಫೋನ್ ಬೂತಿನಿಂದ ಅವ್ವನ ಬಾಜೂ ಮನೆಗೆ ಮಾತಾಡುತ್ತಿದ್ದೆ. "ಖರೇನ ಬ್ಯಾಳಿಗೆ ಬೆಲ್ಲ ಹಾಕತಾರೇನೋ? ಮಂದಿ ಹೆಂಗ ಉಣತಾರೋ ಅದನ್ನ?" ಎನ್ನುತ್ತಿದ್ದಳು. ಅಕ್ಕನ ಮಾತನ್ನು ಅವಳೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಇಬ್ಬರೂ ಬೆಲ್ಲದ ಬಗ್ಗೆ ಮಾತಾಡಿ ಇಡುತ್ತಿದ್ದೆವು.

ಗುಜರಾತಿಯಲ್ಲಿ ನಾನು ಮೊದಲು ಕಲಿತದ್ದು ಎಣಿಕೆ. ಏಕ್, ಬೇ, ತ್ರಣ್, ಚಾರ್. ಥಿಯೇಟರಿನಲ್ಲಿ ಅಷ್ಟು ಬಂದರೆ ಕೆಲಸ ನಡೆಯುತ್ತದೆ. ಎರಡನೆಯದಾಗಿ ಕಲಿತದ್ದು 'ಅಡಧಿ', ಅಂದರೆ ಅರ್ಧ. ಅಲ್ಲಿ ಯಾರೂ ಇಡೀ ಚಹಾ ಕೇಳುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ, ಅಂಗಡಿಯ ಕಟ್ಟೆಯ ಮೇಲೆ, ಬಸ್ಸಿನ ಕಿಟಕಿಯಿಂದ, ದಿನವಿಡೀ ಅಡಧಿ, ಅಡಧಿ ಎಂದು ಕೂಗುತ್ತಾರೆ. ಪ್ರೀತಿಯಿಂದ ಕರೆದು ಕೊಡುತ್ತಾರೆ. ನಾನು ಹೊಟ್ಟೆ ಸರಿಯಿಲ್ಲ ಎಂದು ನೆವ ಹೇಳಿ ಚಹಾವನ್ನೇ ಬಿಟ್ಟೆ.

ಕೆಲವು ವರ್ಷಗಳ ಮೇಲೆ ಆ ಆಸ್ಪತ್ರೆಯವರು ಥಿಯೇಟರ್ ಕೆಲಸ ಕಲಿಸುವ ಶಾಲೆ ತೆರೆದರು. ಹತ್ತನೆಯ ತರಗತಿ, ಮೇಲೊಂದು ವರ್ಷದ ತರಬೇತಿ, ಇಷ್ಟೇ ಇದ್ದ ನನ್ನನ್ನು ಕಲಿಸಲು ನಿಲ್ಲಿಸಿದರು. ಎಣಿಕೆಯಲ್ಲಿ ಈ ಮನುಷ್ಯನಷ್ಟು ಕಾಟ ಕೊಡುವವರು ಯಾರೂ ಇಲ್ಲ ಎಂದು ದೊಡ್ಡ ಡಾಕ್ಟರೇ ಶಿಫಾರಸು ಮಾಡಿದ್ದರು. ಮಕ್ಕಳು ಸಾಹೇಬ್ ಎನ್ನತೊಡಗಿದರು. ಊರಲ್ಲಿ ಇದನ್ನು ಕೇಳಿ ಅವ್ವ ಬಾಜೂ ಮನೆಯವರಿಗೆಲ್ಲ ಸಕ್ಕರೆ ಹಂಚಿದಳಂತೆ.

ಪ್ರತಿ ತಂಡದ ಮೊದಲ ದಿನ ನಾನು ಬೀಟ್‌ರೂಟ್ ನೀರಿನಲ್ಲಿ ಮಾಪುಗಳನ್ನು ಅದ್ದಿ ಬಕೆಟ್ಟಿಗೆ ಹಾಕುತ್ತೇನೆ. ಅವುಗಳಲ್ಲಿ ಒಂದು ಅರ್ಧ ಮಾತ್ರ. ಎಣಿಸಿ ಎನ್ನುತ್ತೇನೆ. ಎಲ್ಲರೂ ಹತ್ತು ಎನ್ನುತ್ತಾರೆ. ಆಮೇಲೆ ಹರವಿ ತೋರಿಸಿ ಹೇಳುತ್ತೇನೆ: ಮಾಪನ್ನು ಎಂದಿಗೂ ಕತ್ತರಿಸಬಾರದು, ಹರವದೆ ಎಣಿಸಬಾರದು, ಸ್ವಂತದವರು ಮೇಜಿನ ಮೇಲಿದ್ದರೆ ನೀವು ಒಳಗೆ ನಿಲ್ಲಬಾರದು. ನಮ್ಮ ಗೋಕಾಕದಲ್ಲಿ ಹಾಗೆ ಒಳಗೆ ನಿಲ್ಲುವುದೇ ಪ್ರೀತಿ ಎನಿಸಿಕೊಳ್ಳುತ್ತಿತ್ತು.

ಪಾಠಕ್ಕೆ ಒಂದು ಕಥೆಯೂ ಇತ್ತು. "ನಮ್ಮ ಕಡೆ ಒಬ್ಬ ನರ್ಸು ಹೀಗೇ ಕತ್ತರಿಸಿ ಎಣಿಕೆ ತಪ್ಪಿ ಒಂದು ಜೀವ ಹೋಯಿತು." ವರ್ಷ ವರ್ಷ ಹೇಳಿದೆ. ಮೀರಜದಲ್ಲಿ ನಾನು ಸುಮ್ಮನಿದ್ದೆ ಅಷ್ಟೆ. ರಾಜಕೋಟದಲ್ಲಿ ಕತ್ತರಿಯನ್ನೂ ಆಕೆಯ ಕೈಗೆ ಕೊಟ್ಟೆ. ಅಲ್ಲಿ ಯಾರಿಗೂ ಆಕೆಯ ಗುರುತಿಲ್ಲ ಎಂದು ಧೈರ್ಯ.

ಒಂದು ವರ್ಷ ಹೇತಲ್ ಎಂಬ ಹುಡುಗಿ, ಹಳ್ಳಿಯಿಂದ ಬಂದವಳು, ಕಥೆ ಮುಗಿದ ಮೇಲೆ ಕೈ ಎತ್ತಿದಳು. "ಸಾಹೇಬ್, ಎ ಬೆನ್ ಅತ್ಯಾರೆ ಕ್ಯಾಂ ಛೇ?" ಆ ಅಕ್ಕ ಈಗ ಎಲ್ಲಿದ್ದಾರೆ?

ಸತ್ತವಳ ಬಗ್ಗೆ ಎಲ್ಲ ತಂಡದವರೂ ಕೇಳುತ್ತಿದ್ದರು. ನರ್ಸಿನ ಬಗ್ಗೆ ಅವಳೊಬ್ಬಳೇ ಕೇಳಿದ್ದು. ಗೊತ್ತಿಲ್ಲ ಎಂದೆ. "ಪಾಪ, ಆಕೆಗೆ ಎಷ್ಟು ಕಷ್ಟವಾಗಿರಬೇಕು," ಎಂದು ತನ್ನ ಪುಸ್ತಕ ಎತ್ತಿಕೊಂಡಳು.

ಆ ಸಲದ ರಜೆಗೆ ಮೂಡಲಗಿಗೆ ಹೋದವನು ಮರುದಿನವೇ ಹುಕ್ಕೇರಿ ಬಸ್ಸು ಹತ್ತಿದೆ. ಮಾಮಾ ಬಾಂಡೆಯಂಗಡಿಯಲ್ಲಿ ಕೊಡ ಒರೆಸುತ್ತ ಕುಳಿತಿದ್ದರು. ಸಂತೆಯ ದಿನ, ಗಿರಾಕಿ ಬಂದು ಹೋಗುತ್ತಿದ್ದರು.

"ಬಾರಪಾ ಗುಜರಾತಿ ಸೇಠ! ದಪ್ಪ ಆಗೀಯಲ್ಲೋ. ಬೆಲ್ಲದ ಬ್ಯಾಳಿ ಹತ್ತೇತಿ ನೋಡು ಮೈಗೆ," ಎಂದು ನಕ್ಕರು.

ನಾನು ನಿಂತೇ ಹೇಳಿದೆ. "ಮಾಮಾ, ಆ ಮಾಪು ಕತ್ತರಿಸಿದವ ನಾನು. ಸಿಸ್ಟರ್‌ಗೆ ಹೇಳಿದ್ದಿಲ್ಲ. ಅವ್ರ ಎಣಿಕಿ ತಪ್ಪಿದ್ದಿಲ್ಲ."

ಅವರು ಕೊಡ ಕೆಳಗಿಡಲಿಲ್ಲ. ಅದನ್ನೇ ಬಹಳ ಹೊತ್ತು ಒರೆಸಿದರು.

"ಆ ಹೆಣ್ಣಮಗಳ ಮನಿ ಮುಂದ ಹೋಗಿ ಬಾಯಿಗೆ ಬಂದಂಗ ಬೈದೇನಿ ನಾನು. ಓಣಿ ಮಂದೆಲ್ಲಾ ನಿಂತ ನೋಡಾಕತ್ತಿದ್ರು. ಆಕಿ ಒಂದ ಮಾತ ಆಡ್ಲಿಲ್ಲ. ನೀ ನನ್ನ ಬಾಜೂಕ ನಿಂತಿದ್ದಿ. ನೆನಪೈತಿಲ್ಲೋ?"

"ಐತಿ ಮಾಮಾ."

"ಆಕಿಗೆ ಹೇಳೀಯೇನು ಇದನ್ನ?"

"ಇಲ್ಲ."

"ಮದಲ ಅಲ್ಲಿ ಹೋಗಿ ಹೇಳಿ ಬಾ. ಆಮ್ಯಾಲ ಬಂದ ಈ ಗಾದಿ ಮ್ಯಾಲ ಕುಂದ್ರು." ಅಷ್ಟು ಹೇಳಿ ಗಿರಾಕಿಯ ಕಡೆ ತಿರುಗಿದರು.

ಗೋಕಾಕದಲ್ಲಿ ಸಿಸ್ಟರ್ ಇದ್ದ ಬಾಡಿಗೆ ಮನೆಯಲ್ಲಿ ಬೇರೆಯವರಿದ್ದರು. "ಆ ನರ್ಸಬಾಯಿನರಿ? ಅವ್ರು ಹೋಗಿ ಭಾಳ ವರ್ಷ ಆತರಿ. ಕೌಜಲಗ್ಯಾಗ ತಂಗಿ ಮನಿ ಐತಿ ಅಂತಿದ್ರು," ಎಂದರು ಆ ಮನೆಯ ಹೆಣ್ಣುಮಗಳು. ನಾನು ಅಷ್ಟು ವರ್ಷ ದುಡಿದ ಊರು. ಬಸ್ ನಿಲ್ದಾಣದಲ್ಲಿ ಕರದಂಟು ಮಾರುವವನು ನನ್ನನ್ನು "ಯಾವೂರ್ರಿ ಸಾಹೇಬ್ರ?" ಎಂದು ಕೇಳಿದ.

ಕೌಜಲಗಿಯಲ್ಲಿ ತಂಗಿಯ ಮನೆಗೆ ಬೀಗ. ಎದುರು ಮನೆಯ ಅಜ್ಜಿ ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದಳು. "ಅವ್ರೆಲ್ಲಾ ಕೂಡೇ ದುಡಿಯಾಕ ಹ್ವಾದ್ರಪಾ. ಮಹಾರಾಷ್ಟ್ರದಾಗ ಅಂತ, ಊರ ಹೆಸರ ನನಗ ಬರಂಗಿಲ್ಲ. ಆ ನರ್ಸಬಾಯಿ ಇಲ್ಲೊಂದ ವರ್ಷ ಇದ್ಲು. ಸರಕಾರಿ ದವಾಖಾನಿಯವ್ರು ಕರಿಯಾಕ ಬಂದ್ರ ಹೋಗ್ಲಿಲ್ಲ. ಯಾಕವಾ ಅಂದ್ರ, ನನಗ ಎಣಿಸಾಕ ಬರಂಗಿಲ್ಲ ಆಯಿ, ಅಂತಿದ್ಲು. ನಾ ನಗತಿದ್ದೆ. ಸಾಲಿ ಕಲತ ಬಾಯಿ, ಎಣಿಸಾಕ ಬರಂಗಿಲ್ಲಂದ್ರ?"

ನಾನು ಹುಕ್ಕೇರಿಗೆ ಹೋಗದೆ ರಾಜಕೋಟಕ್ಕೆ ಮರಳಿದೆ. ಅಲ್ಲಿ ಹೊರಡುವವರಿಗೆ 'ಆವ್ಜೋ' ಎನ್ನುತ್ತಾರೆ, ಬನ್ನಿ ಎಂದು ಅರ್ಥ. ನಮ್ಮಲ್ಲಿ ಹೊರಡುವವನೇ ಬರ್ತೇನಿ ಎನ್ನುತ್ತಾನೆ. ನನಗೆ ಈಗ ಎರಡೂ ಕಡೆ ಆ ಮಾತು ಗಟ್ಟಿಯಾಗಿ ಆಡಲಾಗುವುದಿಲ್ಲ. ತರಗತಿಯಲ್ಲಿ ಗುಜರಾತಿಯಲ್ಲಿ ಎಣಿಸುತ್ತೇನೆ. ಒಳಗೆ ಅದರ ಬೆನ್ನಿಗೇ ಒಂದ, ಎರಡ, ಮೂರ ಎಂದು ಸಿಸ್ಟರ್ ದನಿಯಲ್ಲಿ ಎಣಿಕೆ ನಡೆದಿರುತ್ತದೆ.

ಕಥೆಯನ್ನು ತಿದ್ದಿದ್ದೇನೆ. ಕತ್ತರಿಸಿದವನು ನಾನು, ಹೋದವಳು ನನ್ನ ಅಕ್ಕ ಎಂದು ಹೇಳುತ್ತೇನೆ. ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ. ರಾಜಕೋಟದಲ್ಲಿ ಅದು ಈಗ ಎಲ್ಲರಿಗೂ ಗೊತ್ತು. ಗೊತ್ತಾಗಬೇಕಾದ ಓಣಿ ಗೋಕಾಕದಲ್ಲಿದೆ, ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದೆ. ಹುಕ್ಕೇರಿಯ ಅಂಗಡಿಯ ಗಾದಿಯ ಮೇಲೆ ನಾನಿನ್ನೂ ಕುಳಿತಿಲ್ಲ.

ಸುಶೀಲಾ ಸಿಸ್ಟರ್ ಹತ್ತು ಎಣಿಸಿದರು. ಬಕೆಟ್ಟಿನಲ್ಲಿ ಹತ್ತೇ ಇದ್ದವು. ಇದನ್ನು ಅವರಿಗೆ ಹೇಳಬೇಕು. ಅವರು ಎಲ್ಲಿದ್ದಾರೆ ಎಂದು ನನಗೆ ಇನ್ನೂ ಗೊತ್ತಾಗಿಲ್ಲ.